ಶೋಕದ ಮನೆಯಲ್ಲಿ ಮಗುವಿನ ಪ್ರಶ್ನೆ

ಶರನ್ನವರಾತ್ರಿಯ ಹಿಂದಿನ ದಿನ ಮಹಾಲಯ ಅಮಾವಾಸ್ಯೆ. ಭಾದ್ರಪದ ಕೃಷ್ಣಪಕ್ಷವಿಡೀ ಗತಿಸಿದವರಿಗೆ ಮೀಸಲು. ಅವರಿಗೆ ತಿಲೋದಕ ಬಿಟ್ಟ ಕೈಯೇ ಮರುದಿನ ಬೆಳಗ್ಗೆ ಕಲಶವನ್ನು ಸ್ಥಾಪಿಸುತ್ತದೆ, ದೀಪವನ್ನು ಹಚ್ಚುತ್ತದೆ, ಬೊಂಬೆಗಳನ್ನು ಸಾಲಾಗಿ ಜೋಡಿಸುತ್ತದೆ. ಒಂದರ ಬೆನ್ನಿಗೆ ಇನ್ನೊಂದು ಬರುವ ಈ ಎರಡು ಆಚರಣೆಗಳಲ್ಲಿ ಒಂದು ಜೀವನಪಾಠ ಅಡಗಿದೆ. ಅಗಲಿದವರನ್ನು ನೆನೆಯದೆ ಹಬ್ಬಕ್ಕೆ ಕಾಲಿಡಬಾರದು. ನೆನೆದ ಬಳಿಕ ಹಬ್ಬದಿಂದ ವಿಮುಖರಾಗಲೂ ಬಾರದು. ಹೈದರಾಬಾದಿನಲ್ಲಿ ನೆಲೆಸಿದ ಕನ್ನಡಿಗರಿಗೆ ಇದಕ್ಕೆ ಸಮೀಪದ ಇನ್ನೊಂದು ದೃಷ್ಟಾಂತವೂ ಕಣ್ಣೆದುರಿಗಿದೆ. ತೆಲಂಗಾಣದ ಹೆಂಗಳೆಯರು ಹೂವಿನ ಗೋಪುರ ಕಟ್ಟಿ ಅದರ ಸುತ್ತ ಹಾಡುವ ಬತುಕಮ್ಮ ಹಬ್ಬವೂ ಮಹಾಲಯ ಅಮಾವಾಸ್ಯೆಯಂದೇ ಆರಂಭವಾಗುತ್ತದೆ. ಯುದ್ಧದಲ್ಲಿ ಮಕ್ಕಳೆಲ್ಲರನ್ನೂ ಕಳೆದುಕೊಂಡ ಧರ್ಮಾಂಗದನೆಂಬ ರಾಜ ಮತ್ತು ಅವನ ಮಡದಿಯ ತಪಸ್ಸಿಗೆ ಮೆಚ್ಚಿ ಲಕ್ಷ್ಮಿಯೇ ಮಗಳಾಗಿ ಹುಟ್ಟಿದಳೆಂದೂ, ಆ ಕೂಸನ್ನು ಹಿರಿಯರು ‘ಬದುಕು ತಾಯಿ’ ಎಂದು ಹರಸಿದರೆಂದೂ ಒಂದು ಐತಿಹ್ಯವಿದೆ. ಹಾಡು, ಹೂವುಗಳ ಆ ಹಬ್ಬದ ಬುಡದಲ್ಲಿರುವುದು ಮಕ್ಕಳನ್ನು ಕಳೆದುಕೊಂಡ ತಾಯಿತಂದೆಯರ ಕಣ್ಣೀರು.

ಆದರೆ ಸಂಪ್ರದಾಯವು ಇಷ್ಟು ನಿಸ್ಸಂಕೋಚವಾಗಿ ಸಾವನ್ನು ಹಬ್ಬದ ನೆರೆಯಲ್ಲಿ ಕೂರಿಸಿರುವಾಗ, ಮನೆಯೊಳಗೆ ಮಾತ್ರ ಆ ಶಬ್ದವನ್ನು ಮಕ್ಕಳ ಕಿವಿಗೆ ಬೀಳದಂತೆ ಮುಚ್ಚಿಡುವ ಪ್ರಯತ್ನ ನಡೆಯುತ್ತದೆ. ತಂದೆಯೋ ತಾಯಿಯೋ ಅಜ್ಜಿಯೋ ತೀರಿಕೊಂಡ ದಿನ ಮಗುವನ್ನು ಮೊದಲು ನೆರೆಮನೆಗೆ ಕಳುಹಿಸಲಾಗುತ್ತದೆ. ಅದು ಕೇಳಿದರೆ ಒಬ್ಬರು ‘ಅಪ್ಪ ಊರಿಗೆ ಹೋಗಿದ್ದಾರೆ’ ಎನ್ನುತ್ತಾರೆ, ಇನ್ನೊಬ್ಬರು ‘ಮಲಗಿದ್ದಾರೆ’ ಎನ್ನುತ್ತಾರೆ, ಮತ್ತೊಬ್ಬರು ‘ದೇವರಿಗೆ ತುಂಬ ಇಷ್ಟವಾದರು, ಅದಕ್ಕೆ ಕರೆದುಕೊಂಡ’ ಎನ್ನುತ್ತಾರೆ. ಹೇಳಿದವರೆಲ್ಲರೂ ಕರುಣೆಯಿಂದಲೇ ಹೇಳಿದವರು. ಕರುಣೆಯಿಂದ ಆಡಿದ ಅಸತ್ಯ ಧರ್ಮವಾದೀತೇ? ಮಗುವಿನ ಶೋಕಕ್ಕೆ ಹಿರಿಯರು ಸಲ್ಲಿಸಬೇಕಾದ ಋಣ ಯಾವುದು? ಇವು ಕೇವಲ ಮನಶ್ಶಾಸ್ತ್ರದ ಪ್ರಶ್ನೆಗಳಲ್ಲ, ನೀತಿಯ ಪ್ರಶ್ನೆಗಳು. ಆದುದರಿಂದಲೇ ಪುರಾಣೇತಿಹಾಸಗಳು ಇವನ್ನು ಬಿಟ್ಟಿಲ್ಲ.

ಸತ್ಯವನ್ನು ಪ್ರಿಯವಾಗಿ ಹೇಳಬೇಕು, ಅಪ್ರಿಯವಾದ ಸತ್ಯವನ್ನು ಹೇಳಬಾರದು ಎಂಬ ಮನುವಿನ ವಿಧಿಯನ್ನು ಇಂಥ ಸಂದರ್ಭಗಳಲ್ಲಿ ಹಲವರು ಸ್ಮರಿಸುವುದುಂಟು. ಆ ಶ್ಲೋಕ ಅಲ್ಲಿಗೇ ಮುಗಿಯುವುದಿಲ್ಲ. ಪ್ರಿಯವೆಂಬ ಕಾರಣಕ್ಕೆ ಸುಳ್ಳನ್ನೂ ಹೇಳಲಾಗದು ಎಂಬುದು ಅದರ ಉತ್ತರಾರ್ಧ. ಪೂರ್ವಾರ್ಧವನ್ನಷ್ಟೇ ಕಂಠಪಾಠ ಮಾಡಿ ಉತ್ತರಾರ್ಧವನ್ನು ಮರೆಯುವುದು ಅನುಕೂಲಕ್ಕೆ ತಕ್ಕ ಪಾಂಡಿತ್ಯ. ಎರಡನ್ನೂ ಕೂಡಿಸಿ ಓದಿದಾಗ ಉಳಿಯುವ ಮಾರ್ಗ ಒಂದೇ: ಸತ್ಯವನ್ನು ಹೇಳಬೇಕು, ಆದರೆ ಕೇಳುವವರ ಅಳತೆಗೆ ತಕ್ಕಂತೆ, ಮೃದುವಾಗಿ, ಪಕ್ಕದಲ್ಲಿ ಕುಳಿತು ಹೇಳಬೇಕು.

ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡದಲ್ಲಿ ಈ ವಿಷಯಕ್ಕೆ ಕನ್ನಡಿ ಹಿಡಿಯುವ ಪ್ರಸಂಗವೊಂದಿದೆ. ದಶರಥ ಮೃತನಾದಾಗ ಭರತನಿದ್ದುದು ಕೇಕಯದ ತಾತನ ಮನೆಯಲ್ಲಿ. ಅವನನ್ನು ಕರೆತರಲು ದೂತರು ಹೊರಡುವಾಗ, ರಾಮನು ವನಕ್ಕೆ ಹೋದುದನ್ನಾಗಲಿ ಮಹಾರಾಜನ ಮರಣವನ್ನಾಗಲಿ ತಿಳಿಸಬಾರದೆಂದು ವಸಿಷ್ಠರ ಆಜ್ಞೆಯಾಗುತ್ತದೆ. ಆ ಆಜ್ಞೆಗೆ ರಾಜಕಾರಣವಿತ್ತು. ಆದರೆ ಭರತನಿಗೆ ಆದುದೇನು? ಕೆಟ್ಟ ಕನಸು ಆಗಲೇ ಬಿದ್ದಿತ್ತು. ಅಯೋಧ್ಯೆಯನ್ನು ಸಮೀಪಿಸಿದಾಗ ಉದ್ಯಾನಗಳು ಬರಿದಾಗಿದ್ದವು, ಬೀದಿಗಳಲ್ಲಿ ಸದ್ದಿರಲಿಲ್ಲ. ತಂದೆಯ ಅರಮನೆಗೆ ಹೋದರೆ ತಂದೆಯಿಲ್ಲ. ಯಾರೂ ಏನನ್ನೂ ಹೇಳದಿದ್ದರೂ ಎಲ್ಲವೂ ಹೇಳುತ್ತಿತ್ತು. ಕೊನೆಗೆ ಕೈಕೇಯಿಯಿಂದ ವಿಷಯ ತಿಳಿದು ನೆಲಕ್ಕುರುಳಿದ ಆ ಮಗ ಚೇತರಿಸಿಕೊಂಡ ಮೇಲೆ ಕೇಳಿದ ಪ್ರಶ್ನೆಗಳಲ್ಲಿ ಒಂದು, ತಂದೆ ಕಟ್ಟಕಡೆಗೆ ಏನು ಹೇಳಿದರು ಎಂಬುದು.

ಇಂದಿನ ಮನೆಗಳಲ್ಲಿಯೂ ಇದೇ ನಡೆಯುತ್ತದೆ. ಫ್ಲ್ಯಾಟಿನ ಬಾಗಿಲ ಹೊರಗೆ ಬಿಟ್ಟ ಚಪ್ಪಲಿಗಳ ರಾಶಿ, ಒಲೆ ಹೊತ್ತದ ಅಡಿಗೆಮನೆ, ತಾನು ಬಂದೊಡನೆ ನಿಂತುಹೋಗುವ ಹಿರಿಯರ ಮಾತು, ಇಷ್ಟು ಸಾಕು. ಐದು ವರ್ಷದ ಮಗುವೂ ಅಯೋಧ್ಯೆಯನ್ನು ಹೊಕ್ಕ ಭರತನಾಗುತ್ತದೆ. ಏನೋ ಘಟಿಸಿದೆಯೆಂದು ಅದಕ್ಕೆ ತಿಳಿದಿದೆ. ಅದನ್ನು ಕೇಳಬಾರದೆಂದೂ ತಿಳಿದುಹೋಗುತ್ತದೆ. ಮುಚ್ಚಿಟ್ಟವರು ಮಗುವನ್ನು ದುಃಖದಿಂದ ರಕ್ಷಿಸಿದಂತಾಗಲಿಲ್ಲ. ದುಃಖದಲ್ಲಿ ಅದನ್ನು ಒಂಟಿಯಾಗಿ ಬಿಟ್ಟಂತಾಯಿತು. ಊರಿಗೆ ಹೋದ ಅಪ್ಪ ದೀಪಾವಳಿಗೂ ಬಾರದಿದ್ದಾಗ ಅಪ್ಪನ ಮೇಲೆ ಮುನಿಸು ಹುಟ್ಟುತ್ತದೆ. ಮಲಗಿದವರು ಏಳಲಿಲ್ಲವೆಂದ ಮೇಲೆ ರಾತ್ರಿ ತಾನು ಮಲಗಲು ಅಂಜಿಕೆಯಾಗುತ್ತದೆ. ಇಷ್ಟವಾದವರನ್ನು ದೇವರು ಕರೆದುಕೊಳ್ಳುತ್ತಾನೆಂದರೆ ಅಮ್ಮನನ್ನೂ ಕರೆದುಕೊಂಡಾನೆಂಬ ಭಯವೂ, ದೇವರ ಮೇಲೆ ಕೋಪವೂ ಒಟ್ಟಿಗೆ ಬೆಳೆಯುತ್ತವೆ. ಭಕ್ತಿಯನ್ನು ಬಿತ್ತಬೇಕೆಂದು ಹೇಳಿದ ಮಾತು ಭೀತಿಯನ್ನು ಬಿತ್ತಿದಂತಾಗುತ್ತದೆ.

ಮೃತ್ಯುವನ್ನು ಕುರಿತು ಮಗುವೊಂದು ಕೇಳಿದ ಪ್ರಶ್ನೆಯ ಮೇಲೆಯೇ ಒಂದು ಉಪನಿಷತ್ತು ನಿಂತಿದೆ ಎಂಬುದು ಇಲ್ಲಿ ಸ್ಮರಣೀಯ. ಕಠೋಪನಿಷತ್ತಿನ ನಚಿಕೇತ ಬಾಲಕ. ಕೋಪದಲ್ಲಿ ತಂದೆ ಆಡಿದ ಮಾತನ್ನು ಹಿಡಿದು ಯಮನ ಮನೆಗೆ ಹೋಗಿ, ಮೂರು ರಾತ್ರಿ ಉಪವಾಸವಿದ್ದು ಕಾದವನು. ಅವನಿಗೆ ದೊರೆತ ಮೂರು ವರಗಳಲ್ಲಿ ಮೊದಲನೆಯದನ್ನು ಅವನು ತನಗಾಗಿ ಕೇಳಲಿಲ್ಲ. ತಂದೆಯ ಮನಸ್ಸು ಶಾಂತವಾಗಲಿ, ಹಿಂತಿರುಗಿದ ತನ್ನನ್ನು ಆತ ಪ್ರೀತಿಯಿಂದ ಗುರುತಿಸಲಿ ಎಂದು ಕೇಳಿದ. ಸಾವಿನ ಮನೆಯ ಮಕ್ಕಳನ್ನು ಬಲ್ಲವರಿಗೆ ಇದು ಕೇವಲ ಕಥೆಯಾಗಿ ತೋರದು. ತಾಯಿ ಅತ್ತಾಳೆಂದು ತನ್ನ ಅಳುವನ್ನು ನುಂಗುವ, ತಂದೆಯ ಮುಖ ನೋಡಿ ತನ್ನ ಪ್ರಶ್ನೆಯನ್ನು ತಡೆಹಿಡಿಯುವ ಮಕ್ಕಳು ಎಲ್ಲೆಡೆ ಇದ್ದಾರೆ. ಅವು ಸುಮ್ಮನಿರುವುದನ್ನು ಕಂಡು, ‘ಮಗುವಿಗೆ ಏನೂ ಅರ್ಥವಾಗಿಲ್ಲ, ಒಳ್ಳೆಯದಾಯಿತು’ ಎಂದು ಹಿರಿಯರು ನಿಟ್ಟುಸಿರುಬಿಡುತ್ತಾರೆ.

ಮೂರನೆಯ ವರವಾಗಿ ನಚಿಕೇತ ಸತ್ತ ಬಳಿಕ ಏನೆಂದು ಕೇಳಿದಾಗ ಯಮನೂ ಮೊದಲು ಮಾಡಿದ್ದು ನಾವೆಲ್ಲರೂ ಮಾಡುವುದನ್ನೇ. ಆನೆ ಕೊಡುತ್ತೇನೆ, ಕುದುರೆ ಕೊಡುತ್ತೇನೆ, ಚಿನ್ನ ಕೊಡುತ್ತೇನೆ, ದೀರ್ಘಾಯುಷ್ಯ ಕೊಡುತ್ತೇನೆ, ಇದೊಂದನ್ನು ಕೇಳಬೇಡ ಎಂದ. ಹೊಸ ಸೈಕಲ್ಲು, ಮೊಬೈಲ್ ಫೋನಿನ ಆಟ, ಪ್ರವಾಸಗಳ ಆಮಿಷವೊಡ್ಡಿ ಮಗುವಿನ ಮನಸ್ಸನ್ನು ಬೇರೆಡೆಗೆ ತಿರುಗಿಸುವ ಉಪಾಯ ಅಷ್ಟು ಪ್ರಾಚೀನವಾದುದು. ಬಾಲಕ ಜಗ್ಗಲಿಲ್ಲ. ಆಗ ಯಮನು ‘ನೀನಿನ್ನೂ ಚಿಕ್ಕವನು’ ಎಂದು ಗದರಲಿಲ್ಲ. ಅವನನ್ನು ಮೆಚ್ಚಿ, ಎದುರಿಗೆ ಕೂರಿಸಿಕೊಂಡು ಉತ್ತರಿಸಿದ. ಮೃತ್ಯುದೇವತೆಯೇ ಮಗುವಿನ ಪ್ರಶ್ನೆಯನ್ನು ಗೌರವಿಸಿರುವಾಗ ಮನುಷ್ಯರು ಅದನ್ನು ತಳ್ಳಿಹಾಕುವುದು ಉಚಿತವಲ್ಲ.

ಇಲ್ಲೊಂದು ಆಕ್ಷೇಪ ಸಹಜ. ಆತ್ಮಕ್ಕೆ ನಾಶವಿಲ್ಲ, ತಿಳಿದವರು ಶೋಕಿಸುವುದಿಲ್ಲ ಎಂದು ಗೀತೆ ಬೋಧಿಸಿದೆಯಲ್ಲ; ಹಾಗಿದ್ದ ಮೇಲೆ ಮಗುವಿಗೂ ಆ ತತ್ತ್ವವನ್ನೇ ಹೇಳಿ ಕಣ್ಣೀರನ್ನು ತಡೆಯಬಾರದೇ? ಮಹಾಭಾರತವೇ ಇದಕ್ಕೆ ಸಮಾಧಾನ ಹೇಳಿದೆ. ಗೀತೆಯನ್ನು ಅರ್ಜುನ ಕೇಳಿದ್ದು ಯುದ್ಧದ ಮೊದಲನೆಯ ದಿನ. ಅಭಿಮನ್ಯು ಮಡಿದದ್ದು ಹದಿಮೂರನೆಯ ದಿನ. ಸ್ವತಃ ಭಗವಂತನ ಬಾಯಿಂದ ತತ್ತ್ವವನ್ನು ಕೇಳಿದವನು ಹದಿಮೂರೇ ದಿನಗಳಲ್ಲಿ ಮಗನಿಗಾಗಿ ಗೋಳಾಡಿದ. ಕೃಷ್ಣನು ಅವನನ್ನು ಸಂತೈಸಿದ. ಬಳಿಕ ತಂಗಿ ಸುಭದ್ರೆಯ ಬಳಿಗೆ ಹೋಗಿ ಅವಳ ಪ್ರಲಾಪಕ್ಕೆ ಕಿವಿಯಾದ. ಆ ರಾತ್ರಿ ಯುಧಿಷ್ಠಿರನಿಗೂ ವ್ಯಾಸರು ಸಿದ್ಧಾಂತವನ್ನು ಮಾತ್ರ ಒಪ್ಪಿಸದೆ, ಮಗನನ್ನು ಕಳೆದುಕೊಂಡ ಬೇರೆ ರಾಜರ ಕಥೆಗಳನ್ನು ಹೇಳಿದರು. ತತ್ತ್ವವು ಶೋಕವನ್ನು ದಾಟಿದ ಬಳಿಕ ಕೈಗೆ ಸಿಗುವ ದಡ; ಮುಳುಗುತ್ತಿರುವವನಿಗೆ ಮೊದಲು ಬೇಕಾದುದು ಒಂದು ಕೈ. ಮಗನ ಶವದೊಡನೆ ಬಂದ ಕೀಸಾಗೋತಮಿಗೂ ಬುದ್ಧನು ಉಪದೇಶವನ್ನು ಮೊದಲು ಕೊಡಲಿಲ್ಲ. ಸಾವಿಲ್ಲದ ಮನೆಯ ಸಾಸಿವೆ ತಾ ಎಂದು ಕಳುಹಿಸಿ, ನೆರೆಹೊರೆಯ ಮನೆಗಳ ದುಃಖಗಳಿಂದಲೇ ಅವಳು ಕಲಿಯುವಂತೆ ಮಾಡಿದ.

ಹೈದರಾಬಾದ್ ನಗರವೂ ಒಮ್ಮೆ ಇಡಿಯಾಗಿ ಶೋಕದ ಮನೆಯಾಗಿತ್ತು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹರಿದು ನಗರವನ್ನು ನುಂಗಿತು. ಮಹಾಲಯ ಅಮಾವಾಸ್ಯೆ ಕಳೆದು ಮೂರೇ ದಿನವಾಗಿತ್ತು; ನವರಾತ್ರಿಯೂ ರಂಜಾನ್ ಮಾಸವೂ ಆಗತಾನೇ ಆರಂಭವಾಗಿದ್ದವು. ಆ ಪ್ರಳಯದಲ್ಲಿ ಮಡಿದವರು ಸುಮಾರು 15,000 ಮಂದಿ ಎಂಬುದು ರೂಢಿಯಲ್ಲಿರುವ ಅಂದಾಜು. ಇಂದಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹುಣಿಸೆಯ ಮರವನ್ನೇರಿ ಸುಮಾರು 150 ಜನ ಜೀವ ಉಳಿಸಿಕೊಂಡರು. ಸೆಪ್ಟೆಂಬರ್ 28ರಂದು ಆ ಮರದಡಿಯಲ್ಲಿ ನೆರೆದು ಮೃತರನ್ನು ಸ್ಮರಿಸುವ ಪರಿಪಾಠವನ್ನು ಈಚಿನ ವರ್ಷಗಳಲ್ಲಿ ನಗರದ ಕೆಲವರು ಬೆಳೆಸಿಕೊಂಡು ಬಂದಿದ್ದಾರೆ. ಆ ಪ್ರವಾಹದಲ್ಲಿ ತಾಯಿ, ಮಡದಿ, ಮಗಳು ಮೂವರನ್ನೂ ಕಳೆದುಕೊಂಡು ಒಬ್ಬಂಟಿಯಾಗಿ ಉಳಿದವರು ಉರ್ದು ಕವಿ ಅಮ್ಜದ್ ಹೈದರಾಬಾದಿ. ಅವರು ಅದನ್ನು ಮರೆಯಲು ಯತ್ನಿಸಲಿಲ್ಲ. ಆ ದಿನವನ್ನೇ ಕುರಿತು ದೀರ್ಘ ಕವನ ರಚಿಸಿದರು. ಮುಂದೆ 1961ರಲ್ಲಿ ತೀರಿಕೊಳ್ಳುವವರೆಗೂ ದೈವಶ್ರದ್ಧೆ ತುಂಬಿದ ರುಬಾಯಿಗಳ ಕವಿಯೆಂದು ಮಾನ್ಯರಾಗಿದ್ದರು. ಶೋಕಕ್ಕೆ ಮಾತು ಕೊಟ್ಟವರಿಗೆ ಬದುಕಿನ ಮಾತೂ ಮರಳಿ ದೊರೆಯುತ್ತದೆ ಎಂಬುದಕ್ಕೆ ಅವರು ಸಾಕ್ಷಿ.

ಅದೇ ನಗರದ ಪುನರ್ನಿರ್ಮಾಣಕ್ಕೆ ಸಲಹೆ ನೀಡಲು 1909ರಲ್ಲಿ ಬಂದವರು ಕನ್ನಡಿಗರ ಹೆಮ್ಮೆಯ ಸರ್ ಎಂ. ವಿಶ್ವೇಶ್ವರಯ್ಯನವರು. ಮೂಸಿ ಮತ್ತು ಈಸಿ ನದಿಗಳ ನೀರನ್ನು ನಗರದ ಮೇಲುಭಾಗದಲ್ಲೇ ತಡೆದು ನಿಲ್ಲಿಸಬೇಕೆಂಬ ಅವರ ಯೋಜನೆಯ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾದವು. ಸತ್ತವರನ್ನು ಯಾವ ಅಣೆಕಟ್ಟೂ ಮರಳಿ ತರಲಾರದು. ಆದರೆ ದುಃಖವನ್ನು ಕರ್ತವ್ಯವಾಗಿ ಮಾರ್ಪಡಿಸಬಹುದೆಂಬುದನ್ನು ಆ ಎರಡು ಜಲಾಶಯಗಳು ತೋರಿಸುತ್ತವೆ. ವಿಶ್ವೇಶ್ವರಯ್ಯನವರ ಬಾಲ್ಯವೂ ಈ ವಿಷಯಕ್ಕೆ ಹೊರತಾದುದಲ್ಲ. ಮುದ್ದೇನಹಳ್ಳಿಯ ಆ ಹುಡುಗ ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡ. ತಾಯಿಯ ದೃಢತೆಯೂ ಬೆಂಗಳೂರಿನ ಸೋದರಮಾವ ರಾಮಯ್ಯನವರ ಆಸರೆಯೂ ಅವನ ಓದನ್ನು ಕಾಪಾಡಿದವು; ತಾನೂ ಮಕ್ಕಳಿಗೆ ಮನೆಪಾಠ ಹೇಳುತ್ತ ಓದಿ, 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದ. ತಂದೆಯಿಲ್ಲದ ಮಗುವಿಗೆ ಜಗತ್ತು ಮುಗಿದುಹೋಗದು. ಆದರೆ ಯಾರಾದರೂ ಒಬ್ಬ ಸೋದರಮಾವ ನಿಲ್ಲಬೇಕಾಗುತ್ತದೆ.

ಮಹಾನಗರದ ಸಂಕಟ ಇರುವುದೂ ಇಲ್ಲಿಯೇ. ಕಲಬುರಗಿ, ಬೀದರ್, ರಾಯಚೂರುಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲದಲ್ಲಿ ಓದಿಗೂ ಉದ್ಯೋಗಕ್ಕೂ ಇಲ್ಲಿಗೆ ಬಂದವರು, 1956ರ ನವೆಂಬರ್ 1ರ ಬಳಿಕವೂ ಇಲ್ಲಿಯೇ ನಿಂತವರು, ಅನಂತರ ಬ್ಯಾಂಕು, ಕಾರ್ಖಾನೆ, ಕಂಪ್ಯೂಟರ್ ಕಂಪನಿಗಳ ನೌಕರಿಗೆ ಬಂದವರು, ಹೀಗೆ ಕಾಚಿಗುಡದಿಂದ ಕೂಕಟ್‌ಪಲ್ಲಿಯವರೆಗೆ ಕನ್ನಡ ಮನೆಗಳು ಹರಡಿಕೊಂಡಿವೆ. ಊರಿನ ಮನೆಯಲ್ಲಿ ಸಾವಾದರೆ ಮಗುವಿನ ಸುತ್ತ ಅಜ್ಜಿ, ಕಾಕಾ, ಅತ್ತೆ, ದೊಡ್ಡಪ್ಪನ ಮಕ್ಕಳು ಇರುತ್ತಿದ್ದರು. ಒಬ್ಬರು ಅಳುವಾಗ ಮತ್ತೊಬ್ಬರು ಉಣ್ಣಿಸುತ್ತಿದ್ದರು. ಇಲ್ಲಿ ವೈಕುಂಠ ಸಮಾರಾಧನೆಯ ಮರುದಿನ ಬಂಧುಗಳು ರೈಲು ಹತ್ತುತ್ತಾರೆ. ಬಾಗಿಲು ಹಾಕಿಕೊಂಡ ಮನೆಯೊಳಗೆ ಒಬ್ಬ ತಾಯಿ, ಒಂದೆರಡು ಮಕ್ಕಳು ಉಳಿಯುತ್ತಾರೆ. ಹದಿನಾಲ್ಕನೆಯ ದಿನದಿಂದ ಆರಂಭವಾಗುವುದು ಕಾಗದಪತ್ರಗಳ ಪರ್ವ. ಮರಣ ಪ್ರಮಾಣಪತ್ರ, ವಿಮೆಯ ಅರ್ಜಿ, ಖಾತೆಯ ನಾಮಿನಿ, ಕುಟುಂಬ ಪಿಂಚಣಿ ಎಂದು ತಾಯಿ ಕಚೇರಿಯಿಂದ ಕಚೇರಿಗೆ ಅಲೆಯುವ ತಿಂಗಳುಗಳಲ್ಲಿ, ತಂದೆಯನ್ನು ಕಳೆದುಕೊಂಡ ಮಗು ತಾಯಿಯ ಸಮಯವನ್ನೂ ಕಳೆದುಕೊಳ್ಳುತ್ತದೆ. 2020 ಮತ್ತು 2021ರ ಕೊರೋನಾ ಕಾಲದಲ್ಲಿ ಈ ಒಂಟಿತನ ಪರಾಕಾಷ್ಠೆಯನ್ನು ಮುಟ್ಟಿತು. ಅಂತಿಮ ದರ್ಶನವಿಲ್ಲದೆ, ಹೆಗಲು ಕೊಡುವವರಿಲ್ಲದೆ ಹೋದವರ ಮಕ್ಕಳಿಗೆ ಆ ಸಾವು ನಿಜವೆಂದು ನಂಬುವುದೇ ಕಠಿಣವಾಯಿತು.

ಮಕ್ಕಳ ಶೋಕವನ್ನು ಅಭ್ಯಸಿಸಿದ ವಿದ್ವಾಂಸರ ಮಾತುಗಳೂ ಇಲ್ಲಿ ಉಪಯುಕ್ತ. ಸತ್ತವರು ಮರಳಿ ಬರುವುದಿಲ್ಲ, ಅವರ ದೇಹಕ್ಕೆ ಹಸಿವು ನೋವುಗಳಿಲ್ಲ, ಹುಟ್ಟಿದವರೆಲ್ಲರಿಗೂ ಸಾವುಂಟು, ಈ ಮೂರು ತಿಳಿವಳಿಕೆಗಳು ಬಹುಪಾಲು ಮಕ್ಕಳಿಗೆ ಐದರಿಂದ ಏಳು ವರ್ಷಗಳ ನಡುವೆ ಮೂಡುತ್ತವೆಂದು ಅಮೆರಿಕದ ಸ್ಪೀಸ್ ಮತ್ತು ಬ್ರೆಂಟ್ ಎಂಬ ಸಂಶೋಧಕರು 1984ರಲ್ಲಿ ನಿರೂಪಿಸಿದರು. ಅದಕ್ಕಿಂತ ಚಿಕ್ಕ ಮಗು ‘ಅಜ್ಜ ಯಾವಾಗ ಬರುತ್ತಾರೆ?’ ಎಂದು ಹತ್ತು ಸಲ ಕೇಳಿದರೆ ಅದು ಹಟವಲ್ಲ. ಹತ್ತನೆಯ ಸಲವೂ ಅದೇ ಸತ್ಯವನ್ನು ಅದೇ ಶಾಂತಿಯಿಂದ ಹೇಳಬೇಕು. ಈಗ ಅತ್ತ ಮಗು ಹತ್ತು ನಿಮಿಷದಲ್ಲಿ ಆಟಕ್ಕೆ ಓಡಿದರೆ ಅದು ನಿಷ್ಠುರತೆಯೂ ಅಲ್ಲ, ಮರೆವೂ ಅಲ್ಲ. ಹೊರಲಾಗುವಷ್ಟನ್ನು ಹೊತ್ತು ಕೆಳಗಿರಿಸುವುದು ಬಾಲಸ್ವಭಾವ. ತಾನು ಹಟ ಮಾಡಿದ್ದರಿಂದ, ತಾನು ಸಿಟ್ಟಿನಲ್ಲಿ ಆಡಿದ ಮಾತಿನಿಂದ ಅಪ್ಪನಿಗೆ ಹೀಗಾಯಿತೆಂದು ಒಳಗೊಳಗೇ ನಂಬಿರುವ ಮಕ್ಕಳುಂಟು. ‘ಇದರಲ್ಲಿ ನಿನ್ನ ತಪ್ಪೇನೂ ಇಲ್ಲ, ಕಂದಾ’ ಎಂಬ ಒಂದು ವಾಕ್ಯವನ್ನು, ಮಗು ಕೇಳದಿದ್ದರೂ, ಬಾಯಿಬಿಟ್ಟು ಹೇಳುವುದು ಹಿರಿಯರ ಧರ್ಮ. ಅಂತೆಯೇ ‘ಇನ್ನು ಮೇಲೆ ಮನೆಗೆ ನೀನೇ ಗಂಡಸು’ ಎಂದು ಹತ್ತು ವರ್ಷದ ಹುಡುಗನ ತಲೆಯ ಮೇಲೆ ಕೈಯಿಡುವವರು, ಆ ಕೈಯೊಡನೆ ಎಷ್ಟು ಭಾರವನ್ನಿಡುತ್ತಿದ್ದೇವೆಂದು ಒಂದು ಕ್ಷಣ ಯೋಚಿಸಬೇಕು.

ಹಿರಿಯರ ಕಣ್ಣೀರನ್ನು ಮಕ್ಕಳು ನೋಡಬಾರದೆಂಬ ಭಾವನೆಯೂ ಪರೀಕ್ಷೆಗೆ ನಿಲ್ಲದು. ರಾಘವಾಂಕನ ಹರಿಶ್ಚಂದ್ರ ಕಾವ್ಯದಲ್ಲಿ ಲೋಹಿತಾಶ್ವನ ಶವದ ಮುಂದೆ ಚಂದ್ರಮತಿ ಪಡುವ ಶೋಕವನ್ನು ಕನ್ನಡನಾಡು ಶತಮಾನಗಳಿಂದ ಮಕ್ಕಳೊಡನೆ ಕುಳಿತು ಗಮಕದಲ್ಲಿ ಕೇಳಿದೆ. ಮಗುವನ್ನು ಕಳೆದುಕೊಂಡಾಗ ದ.ರಾ. ಬೇಂದ್ರೆಯವರು ಬರೆದ ‘ನೀ ಹೀಂಗ ನೋಡಬ್ಯಾಡ ನನ್ನ’ ಕವನ ಮಡದಿಯ ನೋಟವನ್ನು ಎದುರಿಸಲಾರದ ತಂದೆಯೊಬ್ಬನ ನುಡಿ. ಗಂಡು ಅಳಬಾರದೆಂಬ ಹುಸಿ ಬಿಗುಮಾನ ಅಲ್ಲಿಲ್ಲ. ‘ಅಮ್ಮನಿಗೆ ಅಪ್ಪನ ನೆನಪಾಗಿ ಅಳು ಬಂತು, ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ, ಆಮೇಲೆ ಊಟ ಮಾಡೋಣ’ ಎಂದು ತಾಯಿ ಹೇಳಿದರೆ, ದುಃಖ ಬರುತ್ತದೆ, ತಂಗುತ್ತದೆ, ಹೋಗುತ್ತದೆ, ಮನೆ ನಿಂತಿರುತ್ತದೆ ಎಂಬುದನ್ನು ಮಗು ಕಲಿಯುತ್ತದೆ. ಇದಕ್ಕಿಂತ ದೊಡ್ಡ ವೇದಾಂತವನ್ನು ಆ ವಯಸ್ಸಿಗೆ ಕಲಿಸಲಾಗದು.

ಕರ್ಮವಿಧಿಗಳಲ್ಲಿ ಮಗುವಿನ ಸ್ಥಾನವೇನು? ಪದ್ಧತಿಗಳು ಮನೆಯಿಂದ ಮನೆಗೆ ಬೇರೆ. ಅದನ್ನು ಮನೆಯ ಹಿರಿಯರೂ ಪುರೋಹಿತರೂ ನಿರ್ಧರಿಸಬೇಕು. ಆದರೆ ಅಂತಿಮ ದರ್ಶನಕ್ಕೆ ಬರುವೆಯಾ ಎಂದು ಮಗುವನ್ನು ಕೇಳುವುದು, ಅಲ್ಲಿ ಏನೇನು ಕಾಣುತ್ತದೆಂದು ಮುಂಚಿತವಾಗಿ ತಿಳಿಸುವುದು, ಬಾರೆನೆಂದರೆ ಬಲವಂತ ಮಾಡದಿರುವುದು, ಬಂದರೆ ಕೈ ಹಿಡಿದು ನಿಲ್ಲುವುದು, ಇವುಗಳಿಗೆ ಯಾವ ಶಾಸ್ತ್ರದ ಅಡ್ಡಿಯೂ ಇರಲಾರದು. ಮೃತರಿಂದ ಮನಸ್ಸನ್ನು ಬಿಡಿಸಿಕೊಳ್ಳುವುದೇ ಶೋಕದ ಗುರಿಯೆಂದು ಫ್ರಾಯ್ಡ್ ಹಿಂದೆ 1917ರಲ್ಲಿ ಪ್ರತಿಪಾದಿಸಿದ್ದ. ಆದರೆ ಬಾಂಧವ್ಯ ಕಡಿಯಬೇಕಾಗಿಲ್ಲ, ಅದು ರೂಪಾಂತರಗೊಂಡು ಉಳಿಯುವುದೇ ಆರೋಗ್ಯಕರವೆಂದು 1996ರಲ್ಲಿ ಕ್ಲಾಸ್, ಸಿಲ್ವರ್‌ಮನ್, ನಿಕ್‌ಮನ್ ಎಂಬ ಮೂವರು ಗ್ರಂಥರೂಪದಲ್ಲಿ ವಾದಿಸಿದರು. ಮಾಸಿಕ, ವರ್ಷಾಬ್ದಿಕ, ಪ್ರತಿವರ್ಷದ ಶ್ರಾದ್ಧ, ಮಹಾಲಯ ಎಂಬ ಸೋಪಾನಗಳನ್ನು ಕಟ್ಟಿದ ಸಂಪ್ರದಾಯಕ್ಕೆ ಈ ಸಂಗತಿ ಹೊಸದಲ್ಲ. ಶ್ರಾದ್ಧದ ದಿನ ಅಪ್ಪನಿಗೆ ಇಷ್ಟವಾದ ಭಕ್ಷ್ಯವನ್ನು ಮಗುವಿನೊಡನೆ ಮಾತನಾಡುತ್ತ ಮಾಡುವುದು, ಅವರ ಒಂದು ಕಥೆಯನ್ನು ಹೇಳುವುದು, ಅವರ ಹೆಸರನ್ನು ಅಂಜದೆ ಉಚ್ಚರಿಸುವುದು, ಇಷ್ಟರಿಂದಲೇ ಕರ್ಮಕ್ಕೆ ಪ್ರಾಣ ಬರುತ್ತದೆ.

ವರ್ಷಕಾಲ ಹಬ್ಬವಿಲ್ಲದ ಮನೆಯ ಮಗುವಿಗೆ ದಸರೆ ಅತ್ಯಂತ ದುಸ್ಸಹ. ಕಳೆದ ವರ್ಷ ಅಪ್ಪ ಅಟ್ಟದಿಂದ ಇಳಿಸಿದ ಬೊಂಬೆಗಳ ಪೆಟ್ಟಿಗೆ ಈ ವರ್ಷ ಅಟ್ಟದಲ್ಲೇ ಉಳಿಯುತ್ತದೆ. ಆ ಮೌನವನ್ನು ಮಗು ತನಗೆ ಬಂದ ಶಿಕ್ಷೆಯೆಂದು ಭಾವಿಸದಂತೆ ನೋಡಿಕೊಳ್ಳಬೇಕು. ಹಬ್ಬ ಏಕಿಲ್ಲವೆಂದು ವಿವರಿಸಿ, ‘ಮುಂದಿನ ವರ್ಷ ಮೇಲಿನ ಮೆಟ್ಟಿಲನ್ನು ನೀನೇ ಜೋಡಿಸುವೆಯಂತೆ’ ಎಂದರೆ ಅದಕ್ಕೆ ಎದುರು ನೋಡಲು ಒಂದು ದಿನ ದೊರೆಯುತ್ತದೆ. ನೆರೆಯ ಕನ್ನಡ ಮನೆಗಳವರು ಆ ಮಗುವನ್ನು ‘ಸೂತಕದ ಮನೆಯದು’ ಎಂದು ದೂರವಿಡದೆ, ತಮ್ಮ ಬೊಂಬೆಗಳ ಮುಂದೆ ಕೂರಿಸಿ ಚರ್ಪು ಹಂಚಿದರೆ ದೇವಿ ಮುನಿಯಲಾರಳು.

ಸಂಘಸಂಸ್ಥೆಗಳ ಹೊಣೆಯೂ ಇಲ್ಲಿದೆ. ಸಂತಾಪಸೂಚಕ ಸಭೆಯಲ್ಲಿ ಎರಡು ನಿಮಿಷ ಮೌನವಾಗಿ ನಿಲ್ಲುವುದು ಸಜ್ಜನಿಕೆ. ಆದರೆ ಆ ಮನೆಗೆ ಮೂರನೆಯ ತಿಂಗಳಿನಲ್ಲಿ, ಆರನೆಯ ತಿಂಗಳಿನಲ್ಲಿ ಹೋಗಿ ಬರುವುದು ಅದಕ್ಕಿಂತ ಮಿಗಿಲಾದ ಸೇವೆ. ಬ್ಯಾಂಕು, ವಿಮೆ, ಪಿಂಚಣಿಗಳ ವ್ಯವಹಾರ ಬಲ್ಲ ಇಬ್ಬರು ಸದಸ್ಯರು ಆ ಕಾಗದಪತ್ರಗಳ ಓಡಾಟವನ್ನು ಹಂಚಿಕೊಂಡರೆ ತಾಯಿಯ ಸಂಜೆಗಳು ಮಕ್ಕಳಿಗೆ ಮರಳಿ ದೊರೆಯುತ್ತವೆ. ಶಾಲೆಯ ಅಧ್ಯಾಪಕರಿಗೆ ವಿಷಯ ತಿಳಿಸುವುದು, ವಾರಕ್ಕೊಮ್ಮೆ ಗಣಿತ ಹೇಳಿಕೊಡುವುದು, ಪರೀಕ್ಷೆಯ ದಿನ ಜೊತೆಗೆ ಹೋಗುವುದು, ಇವೆಲ್ಲ ರಾಮಯ್ಯನವರು ಮಾಡಿದ ಕೆಲಸದ ಜಾತಿಗೆ ಸೇರಿದವು. ಅಮೆರಿಕದ ಪೋರ್ಟ್‌ಲೆಂಡ್ ನಗರದಲ್ಲಿ 1982ರಲ್ಲಿ ಆರಂಭವಾದ ಡೌಗಿ ಸೆಂಟರ್ ಎಂಬ ಸಂಸ್ಥೆಯಲ್ಲಿ ಆಪ್ತರನ್ನು ಕಳೆದುಕೊಂಡ ಮಕ್ಕಳು ಒಟ್ಟುಗೂಡಿ ಆಡುತ್ತಾರೆ, ಮಾತನಾಡುತ್ತಾರೆ. ‘ನನಗೊಬ್ಬನಿಗೇ ಹೀಗಾಗಿಲ್ಲ’ ಎಂಬ ಅರಿವೇ ಅಲ್ಲಿನ ಮದ್ದು. ಅದು ಕೀಸಾಗೋತಮಿಯ ಸಾಸಿವೆಯೇ. ಮಗು ತಿಂಗಳುಗಟ್ಟಲೆ ಊಟ ನಿದ್ರೆಗಳನ್ನು ತೊರೆದರೆ, ಗೆಳೆಯರನ್ನು ದೂರ ಮಾಡಿದರೆ, ತಾನೂ ಸಾಯಬೇಕೆಂದು ನುಡಿದರೆ, ಅದನ್ನು ಗ್ರಹಚಾರವೆಂದು ಕುಳಿತಿರದೆ ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಕರೆಮಾಡಿ ಉಚಿತವಾಗಿ ಸಲಹೆ ಪಡೆಯಬಹುದು. ಔಷಧೋಪಚಾರವೂ ದೇವರ ದಯೆಯ ಒಂದು ರೂಪವೇ.

ಮಗುವಿಗೆ ಸಾವನ್ನು ಹೇಳುವುದೆಂದರೆ ಅದರ ಬಾಲ್ಯವನ್ನು ಕಸಿಯುವುದಲ್ಲ. ಅದನ್ನೂ ಮನೆಯ ಒಬ್ಬ ಸದಸ್ಯನೆಂದು ಮನ್ನಿಸುವುದು. ಮೃತರ ಆತ್ಮದ ಗತಿಯ ಬಗ್ಗೆ ದ್ವೈತಿ, ಅದ್ವೈತಿ, ವೀರಶೈವ, ಜೈನರ ಉತ್ತರಗಳು ಬೇರೆ ಬೇರೆಯಿರಬಹುದು. ಬದುಕಿ ಉಳಿದ ಮಗುವಿನ ಗತಿಯ ಬಗ್ಗೆ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ. ಜಗನ್ಮಾತೆಯನ್ನು ಒಂಬತ್ತು ದಿನ ತಾಯಿಯೆಂದು ಕರೆದು ಪೂಜಿಸುವವರು, ತಾಯಿಯನ್ನೋ ತಂದೆಯನ್ನೋ ಕಳೆದುಕೊಂಡು ಬಾಗಿಲ ಸಂದಿಯಿಂದ ಇಣುಕುತ್ತಿರುವ ಮಗುವಿನ ಪ್ರಶ್ನೆಗೆ ಕುಳಿತು ಉತ್ತರಿಸುವಷ್ಟು ಧೈರ್ಯವನ್ನೂ ವಾತ್ಸಲ್ಯವನ್ನೂ ಆ ತಾಯಿಯಿಂದ ಬೇಡಿಕೊಳ್ಳಬೇಕು. ಅವಳು ಅದನ್ನು ಎಲ್ಲರಿಗೂ ಕರುಣಿಸಲಿ.